ಅಣ್ಣನ ಬಿಳಿ ಬೆರಳುಗಳು

ವಿಜಾಪುರ ರಸ್ತೆಯಲ್ಲಿ ನಮ್ಮದೊಂದು ಗ್ರಾನೈಟ್ ಅಂಗಡಿ. ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೆಲಸ, ಕಲ್ಲು ಕೊಯ್ದು ಅಂಚು ನುಣುಪು ಮಾಡುವುದು ಅಣ್ಣನದು. ಆಳುಗಳಿದ್ದರೂ ಅವರ ಕೈಗೆ ಗ್ರೈಂಡರ್ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಹದಿನೆಂಟು ವರ್ಷ ತಾನೇ ಹಿಡಿದ.

ಒಂದು ಚಳಿಗಾಲದ ಬೆಳಿಗ್ಗೆ ಅಕ್ಕಲಕೋಟೆಯ ಮನೆಯೊಂದರ ಅಡುಗೆಕಟ್ಟೆಯ ಅಳತೆಗೆಂದು ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಕುಂಭಾರಿಯ ಹತ್ತಿರ ಅಣ್ಣ ಬ್ರೇಕ್ ಹಿಡಿಯಲಾಗದೆ ಕಾಲೂರಿ ಗಾಡಿ ನಿಲ್ಲಿಸಿದ. ಎರಡೂ ಕೈಗಳ ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಚಹಾದಂಗಡಿಯಲ್ಲಿ ಕುದಿಯುವ ಚಹಾದ ಗ್ಲಾಸನ್ನು ಮುಷ್ಟಿಯಲ್ಲಿ ಹಿಡಿದೇ ಕೂತ. ಸುಡುವುದಿಲ್ಲವೇ ಎಂದು ಕೇಳಿದೆ.

"ಸುಟ್ಟಿದ್ರ ಗೊತ್ತಾಗ್ತಿತ್ತಲ್ಲ," ಎಂದ.

ಸ್ವಲ್ಪ ಹೊತ್ತಿಗೆ ಬೆರಳು ಕೆಂಪಾಗಿ ಚುಚ್ಚತೊಡಗಿದವು. ಮೂರು ವರ್ಷದಿಂದ ಹೀಗೇ ಆಗುತ್ತಿದೆಯಂತೆ. ಚಳಿಗೆ ಎಲ್ಲರಿಗೂ ಆಗುತ್ತದೆ ಅಂದುಕೊಂಡಿದ್ದನಂತೆ.

ಅವ್ವ ಎಳ್ಳೆಣ್ಣೆ ತಿಕ್ಕಿದಳು. ಪಕ್ಕದ ಅಂಗಡಿಯವರು ತಾಮ್ರದ ಉಂಗುರ ಹಾಕಿಕೊಳ್ಳಲು ಹೇಳಿದರು. ಹಾಕಿಕೊಂಡ. ಉಂಗುರದ ಬೆರಳೂ ಬೆಳ್ಳಗಾಯಿತು.

ಕೊನೆಗೆ ಡಾಕ್ಟರರ ಹತ್ತಿರ ಹೋದೆವು. ಅವರು ಬೆರಳು ನೋಡುವ ಮೊದಲು ಕೆಲಸ ಏನೆಂದು ಕೇಳಿದರು. ಮಷೀನಿನ ನಡುಕ ವರ್ಷಗಟ್ಟಲೆ ಕೈಗೆ ಹತ್ತಿದರೆ ಬೆರಳಿನ ರಕ್ತನಾಳ, ನರ ಎರಡೂ ಕೆಡುತ್ತವೆ, ಆಮೇಲೆ ಚಳಿ ತಾಗಿದರೆ ಸಾಕು, ನಾಳಗಳು ಬಿಗಿದು ಬೆರಳಿಗೆ ರಕ್ತ ಹೋಗುವುದಿಲ್ಲ ಎಂದು ವಿವರಿಸಿದರು.

"ಗ್ರೈಂಡರ್ ಬಿಡ್ರಿ. ತಂಬಾಕೂ ಬಿಡ್ರಿ, ಅದೂ ನಾಳ ಬಿಗಿ ಮಾಡ್ತದ," ಅಂದರು.

ಯಾವುದನ್ನು ಮೊದಲು ಬಿಡಬೇಕು ಎಂದು ಅಣ್ಣ ಕೇಳಿದ. ಡಾಕ್ಟರರು ಚೀಟಿ ಬರೆಯತೊಡಗಿದರು.

ಮರುದಿನ ಮಷೀನನ್ನು ನಾನು ಹಿಡಿದೆ. ಅರ್ಧ ಗಂಟೆಗೆ ಕೆಳಗಿಟ್ಟೆ. ಮಧ್ಯಾಹ್ನದವರೆಗೂ ಅಂಗೈಯೊಳಗೆ ಜೇನುಹುಳ ಕೂತಂತೆ ಗುಂಯ್‌ಗುಡುತ್ತಿತ್ತು, ಅಂಗಿಯ ಗುಂಡಿ ಹಾಕಲಾಗಲಿಲ್ಲ. ಇಷ್ಟು ವರ್ಷ ಮಷೀನಿನ ಸದ್ದಿಗೆ ಗಿರಾಕಿಗಳಿಗೆ ನನ್ನ ಮಾತು ಕೇಳಿಸುವುದಿಲ್ಲ ಎಂದಷ್ಟೇ ತಕರಾರು ಮಾಡಿದವನು ನಾನು. ಈಗ ಮೂವರು ಆಳುಗಳು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ನನ್ನದೂ ಒಂದು ಸರದಿ.

ಅಣ್ಣನ ಬೆರಳು ಬೆಳ್ಳಗಾಗುವುದು ಕಡಿಮೆಯಾಗಿದೆ. ಎರಡು ಬೆರಳಿಗೆ ಮಾತ್ರ ಸ್ಪರ್ಶ ಮರಳಿಲ್ಲ. ಹಾಗಾಗಿ ಕಲ್ಲಿನ ಅಂಚು ನುಣುಪಾಗಿದೆಯೇ ಎಂದು ಅವನು ಕೆನ್ನೆ ಹಚ್ಚಿ ನೋಡುತ್ತಾನೆ. ಹೋದ ತಿಂಗಳು ಮೈಂದರ್ಗಿಯ ಒಂದು ಮನೆಯಲ್ಲಿ ಹೊಸ ಅಡುಗೆಕಟ್ಟೆಗೆ ಹಾಗೆ ಕೆನ್ನೆ ಇಟ್ಟು ಬಾಗಿದ್ದ. ಮನೆಯ ಯಜಮಾನಿ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಅಣ್ಣಾರಿಗೆ ಆರಾಮ ಇಲ್ಲೇನ್ರಿ?"

ಕಟ್ಟೆ ನೋಡುತ್ತಿದ್ದಾನೆ ಎಂದೆ. ಅಷ್ಟರಲ್ಲಿ ಅಣ್ಣ ಎದ್ದು, ಎಡಗಡೆಯ ಮೂಲೆ ಇನ್ನೊಮ್ಮೆ ತಿಕ್ಕಬೇಕು ಎಂದ. ಆಕೆ ಬೆರಳಾಡಿಸಿ ನೋಡಿ, ಹೌದೆಂದರು.