ಸಿಡಿಲಕ್ಕನ ಬಾಯಿಹುಣ್ಣು

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಬೀದಿ ತಿರುವಿನ ಇಸ್ತ್ರಿ ಅಂಗಡಿ ಇಷ್ಟು ವರ್ಷ ಬದುಕಿದ್ದು ಸಿಡಿಲಕ್ಕನ ಬಾಯಿಂದಲೇ. ಗಂಡ ಇಸ್ತ್ರಿಪೆಟ್ಟಿಗೆ ಹಿಡಿದು ತಲೆ ತಗ್ಗಿಸಿದರೆ ಮುಗಿಯಿತು, ಎದುರಿಗೆ ನಿಂತವರ ಮುಖವನ್ನೂ ನೋಡುತ್ತಿರಲಿಲ್ಲ. ಗುಂಡಿ ಮೊದಲೇ ಕಿತ್ತುಹೋಗಿತ್ತೆಂದು ತೋರಿಸುವುದು, ಜಗಳಕ್ಕೆ ಬಂದವರನ್ನು ತೆಪ್ಪಗಾಗಿಸಿ ಕಳಿಸುವುದು ಎಲ್ಲ ಅವಳದೇ. ಸಿಡಿಲಕ್ಕ ಎಂಬ ಹೆಸರು ಗಿರಾಕಿಗಳು ಇಟ್ಟದ್ದು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ.

ಅಂಥ ಬಾಯಿಗೆ ಹುಣ್ಣು ಹಿಡಿಯಿತು. ಕೆಳತುಟಿಯ ಒಳಗೊಂದು, ನಾಲಿಗೆಯ ಅಂಚಿನಲ್ಲೊಂದು; ನಡುವೆ ಬೆಳ್ಳಗೆ, ಸುತ್ತ ಕೆಂಪಗೆ. ಒಂದು ಮಾಗುವಷ್ಟರಲ್ಲಿ ಇನ್ನೊಂದು. ಉಷ್ಣ ಜಾಸ್ತಿ, ಕಲ್ಲುಪ್ಪು ತಿಕ್ಕು ಎಂದರು ಅತ್ತೆ. ತಿಕ್ಕಿಕೊಂಡವಳು ಬಚ್ಚಲ ಗೋಡೆಗೆ ಹಣೆ ಒತ್ತಿ ನಿಂತಳು. ಹುಣ್ಣು ಇನ್ನಷ್ಟು ಅಗಲವಾಯಿತು. ಗಂಡ ಮೆಡಿಕಲ್ ಶಾಪಿನಿಂದ ತಂದ ಮುಲಾಮು ಸ್ವಲ್ಪ ಹೊತ್ತು ಮರಗಟ್ಟಿಸುತ್ತಿತ್ತು, ಆಮೇಲೆ ಮತ್ತೆ ಅದೇ ಉರಿ. ಕಮ್ಮಿ ಮಾತಾಡು, ತಾನಾಗೇ ಹೋಗುತ್ತೆ ಎಂಬುದು ಅವನ ಖಾಯಂ ಸಲಹೆ.

ಒಂದು ದಿನ ಕನ್ನಡಕದ ಗಿರಾಕಿಯೊಬ್ಬ ಕಾಲರ್ ಸುಟ್ಟ ಅಂಗಿಯನ್ನು ಮೇಜಿನ ಮೇಲೆ ಎಸೆದ. ಅಂಗಿ ಬಂದಾಗಲೇ ಸುಟ್ಟಿತ್ತು. ಅವಳೇ ನೋಡಿ ಮಡಿಸಿಟ್ಟಿದ್ದಳು. ಹೇಳಹೋದರೆ ನಾಲಿಗೆ ಹಲ್ಲಿಗೆ ತಾಗಿ ಕಣ್ಣು ಕತ್ತಲಿಟ್ಟಿತು, ಮಾತಿನ ಬದಲು ಜೊಲ್ಲು ಬಂತು. ಗಂಡ ಮೆಲ್ಲಗೆ ತಪ್ಪು ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡದ್ದು ಸಾಲದೆ ನಕ್ಕ.

"ಇವಳ ಬಾಯಿಗೆ ಹುಣ್ಣು ಬಂದ್ರೆ ನಮ್ಮ ಕಿವಿಗೆ ರಜಾ, ಸಾರ್."

ಗಿರಾಕಿಯೂ ನಕ್ಕ. ಅಂಗಡಿಯ ಹಿಂದಿನ ಮನೆಯೊಳಗಿಂದ ಅತ್ತೆಯ ನಗು ಕೇಳಿಸಿತು. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಹಾಕಿ, ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟಳು.

ಡಾಕ್ಟರಮ್ಮ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದೂ ನೋಡಿ, ಊಟಕ್ಕೆ ಏನು ತಿನ್ನುತ್ತೀರಿ ಎಂದು ಕೇಳಿದರು. ಎಲ್ಲರದೂ ಆದಮೇಲೆ ಉಳಿದದ್ದು ಎಂದಳು. ಉಳಿಯುವುದೇನು ಎಂದರು. ಅವಳು ತಡವರಿಸಿದಳು. ಮೊಟ್ಟೆಯೆಲ್ಲ ಇಸ್ತ್ರಿಪೆಟ್ಟಿಗೆಯ ಬೆಂಕಿಯ ಮುಂದೆ ನಿಲ್ಲುವ ಗಂಡನಿಗೆ, ಸೊಪ್ಪು ವಯಸ್ಸಾದ ಅತ್ತೆಗೆ. ಉಳಿಯುತ್ತಿದ್ದದ್ದು ತಳದ ಅನ್ನ.

ರಕ್ತಪರೀಕ್ಷೆಯಲ್ಲಿ ಕಬ್ಬಿಣದಂಶ ತೀರ ಕಡಿಮೆ ಎಂದು ಬಂತು. ಹುಣ್ಣು ಪದೇ ಪದೇ ಬರಲು ಅದೇ ಕಾರಣವಿರಬಹುದು ಎಂದು ಡಾಕ್ಟರಮ್ಮ ಮಾತ್ರೆ ಕೊಟ್ಟರು. ಇನ್ನು ಉಪ್ಪು ತಿಕ್ಕಬಾರದು, ಉಗುರುಬೆಚ್ಚಗಿನ ನೀರಿಗೆ ಚೂರು ಉಪ್ಪು ಬೆರೆಸಿ ಮುಕ್ಕಳಿಸಬೇಕು. ಮೆತ್ತನೆಯ ಬ್ರಷ್ ಸಾಕು. ಮಾಗುವವರೆಗೆ ಖಾರ, ಹುಳಿ ಬೇಡ. ಮೂರು ವಾರವಾದರೂ ಒಂದೇ ಹುಣ್ಣು ಹಾಗೇ ಇದ್ದರೆ ತಪ್ಪದೆ ಬಂದು ತೋರಿಸಬೇಕು.

"ಹಾಗಾದ್ರೆ ಜಾಸ್ತಿ ಮಾತಾಡಿದ್ದಕ್ಕೆ ಬಂದಿದ್ದಲ್ವಾ?"

"ಮಾತಿಗೆ ಹುಣ್ಣಾಗೋ ಹಾಗಿದ್ರೆ ನನ್ನ ಬಾಯಿ ಉಳೀತಿತ್ತೇನಮ್ಮ?"

ದಾರಿಯುದ್ದಕ್ಕೂ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನಗೆ ಇಷ್ಟೇ ಸಾಕು ಎಂದು ಅವಳೇ ಹೇಳುತ್ತಿದ್ದಳು, ನಿಜ. ಆದರೆ ಪಾತ್ರೆಯೊಳಗೆ ಏನಾದರೂ ಇದೆಯೇ ಎಂದು ಒಬ್ಬರಾದರೂ ಬಗ್ಗಿ ನೋಡಿದ್ದರೇ? ನೆನೆದಷ್ಟೂ ಕೋಪ ಕಾದ ಇಸ್ತ್ರಿಪೆಟ್ಟಿಗೆಯಂತೆ ಭಾರವಾಯಿತು.

ಆ ಸಂಜೆ ಖಾರವಿಲ್ಲದೆ ಸೊಪ್ಪು ಬೇಯಿಸಿ, ಮೊಟ್ಟೆ ಸುಲಿದು, ಎಲ್ಲರಿಗಿಂತ ಮೊದಲು ತಾನೇ ಕುಳಿತಳು.

"ಏನೇ ಇದು, ಗಂಡ ಇನ್ನೂ ಕೂತಿಲ್ಲ. ಬಡಿಸೋರ್ಯಾರು?" ಎಂದರು ಅತ್ತೆ.

ಅವಳು ಮೊಟ್ಟೆ ಮುರಿದು ಬಾಯಿಗಿಟ್ಟು ಅಗಿದಳು. ತುತ್ತು ತುತ್ತಿಗೂ ಹುಣ್ಣು ಚುರ್ರೆಂದು ಕಣ್ಣಲ್ಲಿ ನೀರಿಳಿಯಿತು. ಗಂಡ ಹತ್ತಿರ ಬಂದು, ಯಾರಾದರೂ ಏನಾದರೂ ಅಂದರಾ ಎಂದು ಕೇಳಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಉರಿಯುವ ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು.

"ಅಂದಿದ್ದು ನೀವೇ," ಎಂದಳು. ಒಂದೊಂದು ಮಾತೂ ಹುಣ್ಣನ್ನು ಕೆರೆದುಕೊಂಡೇ ಬಂತು. "ನನ್ನ ಬಾಯಿ ಕಟ್ಟಿದ್ದು ನಿಮಗೆ ಸುಖ. ಹೊಟ್ಟೆಗಿಲ್ಲದೆ ಕಟ್ಟಿದ್ದು ಅದು. ಇಬ್ರೂ ಕೇಳಿಸ್ಕೊಳ್ಳಿ."

ಅತ್ತೆ ಮುಖ ಗೋಡೆಗೆ ತಿರುಗಿಸಿದರು. ಗಂಡ ಸೌಟು ಕೈಗೆತ್ತಿಕೊಂಡ. ಅವಳು ತಟ್ಟೆ ಮುಂದಕ್ಕೆ ತಳ್ಳಿದಳು.

"ಸೊಪ್ಪು ಹಾಕಿ."

ಒಂದಿಷ್ಟು ಹಾಕಿದ.

"ಇನ್ನೂ."

ಅವನು ಪಾತ್ರೆಯನ್ನು ನೋಡಿದ, ತಾಯಿಯನ್ನು ನೋಡಿದ. ಅವಳು ತಟ್ಟೆಯನ್ನು ಹಿಂದಕ್ಕೆಳೆಯಲಿಲ್ಲ.

"ಇನ್ನೂ," ಎಂದಳು.