ಒಂದೇ ಕಾಲಂ, ಒಂದು ಕೆರೆ
ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿಯಿಂದ ಹೊರಬಿದ್ದು ಕೆಳಗಿನ ಒಂದೇ ಕೆರೆಗೆ ಹೋಗುತ್ತದೆ ಎಂದು ನಮ್ಮ ಕಚೇರಿಯಲ್ಲಿ ಎಲ್ಲರೂ ನಂಬಿದ್ದೆವು. ಆದ್ದರಿಂದ ಡೇಟಾಬೇಸ್‌ನಲ್ಲಿ ಪ್ರತಿ ಕೆರೆಯ ಮುಂದೆ ‘ಕೆಳಗಿನ ಕೆರೆ’ ಎಂಬ ಒಂದೇ ಕಾಲಂ ಇಟ್ಟಿದ್ದೆ. ಎಲ್ಲವೂ ಕೊಂಬೆಗಳಂತೆ ಒಂದೇ ಬುಡಕ್ಕೆ ಸೇರುತ್ತಿದ್ದವು, ನೋಡಲು ಚೆನ್ನಾಗಿತ್ತು.

ಚನ್ನರಾಯನದುರ್ಗದ ಹತ್ತಿರ ಒಂದು ಕೆರೆ ಏರಿಯ ಮೇಲೆ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತಾತನನ್ನು ಕೇಳಿದೆ, “ಇದರ ನೀರು ಯಾವ ಊರ ಕೆರೆಗೆ ಹೋಗುತ್ತೆ?”

“ಎರಡೂರ್ಗೂ ಹೋಯ್ತದೆ.”

“ಒಂದೇ ಹೇಳಿ ತಾತ. ಇಲ್ಲಿ ಒಂದಕ್ಕೇ ಜಾಗ.”

“ಬುಟ್ಟ ಊರ್ಗೆ ನಾಳೆ ನೀರಿಲ್ಲ ಅಂದ್ಬುಟ್ರೆ? ಒಂದೂರ್ಗೆ ಮಗಳ್ನ ಕೊಟ್ಟಿವ್ನಿ, ಇನ್ನೊಂದೂರ್ಗೆ ತಂಗೀನ. ಯಾವ್ದ ಬುಡ್ಲಿ, ನೀನೇ ಹೇಳಪ್ಪ.”

ತಾತ ಬೀಗರ ಪರ ಮಾತಾಡುತ್ತಿದ್ದಾರೆ ಎಂದುಕೊಂಡು ಏರಿಯ ಉದ್ದಕ್ಕೂ ನಡೆದು ನೋಡಿದೆ. ಅವತ್ತೇ ಆ ಕಾಲಂ ತೆಗೆದು, ಯಾವ ಕೆರೆಯಿಂದ ಯಾವ ಕೆರೆಗೆ ಎಂದು ಬರೆಯಲು ಬೇರೆ ಟೇಬಲ್ ಮಾಡಿದೆ.

ಏರಿಯ ಎರಡೂ ತುದಿಗೆ ಒಂದೊಂದು ಕೋಡಿ ಇತ್ತು.