ಅಪ್ಪ ಮಂಡಿ ಹೌಸ್‌ನಲ್ಲಿ ಇಳಿದ ದಿನ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಪ್ಪ ಮತ್ತು ನಾನು ಇಂದಿರಾಪುರಂನ ಮನೆಯಿಂದ ಹೊರಟೆವು. ಕ್ಯಾನ್ಸರ್‌ನಿಂದಾಗಿ ಅಪ್ಪನ ಮೂತ್ರಕೋಶ ತೆಗೆದು ಐದು ತಿಂಗಳಾಗಿತ್ತು. ಮೂತ್ರ ಈಗ ಹೊಟ್ಟೆಯ ಬಲಬದಿಗೆ ಅಂಟಿಸಿದ ಚೀಲಕ್ಕೆ ಇಳಿಯುತ್ತದೆ. ಸೋರಿದರೆ, ವಾಸನೆ ಬಂದರೆ ಎಂಬ ಭಯಕ್ಕೆ ಅವರು ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ. ಫರೀದಾಬಾದಿನಲ್ಲಿ ಹೋಟೆಲು ನಡೆಸುವ ಶೆಟ್ಟರಿಗೂ ಒಂಬತ್ತು ವರ್ಷದಿಂದ ಇಂಥದೇ ಚೀಲವಿದೆ, ತಿಂಗಳಿಗೊಮ್ಮೆ ಇಂಥವರನ್ನೆಲ್ಲ ಸೇರಿಸುತ್ತಾರೆ ಎಂದು ನರ್ಸ್ ತಿಳಿಸಿದ್ದರು. ಸರಿಬರದಿದ್ದರೆ ಇನ್ನೆಲ್ಲಿಗೂ ಕರೆಯಬಾರದು ಎಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದ್ದರು.

ವೈಶಾಲಿ ನಿಲ್ದಾಣಕ್ಕೆ ಶೇರ್ ಆಟೋ, ತಲಾ ಇಪ್ಪತ್ತು ರೂಪಾಯಿ. ಮಂಡಿ ಹೌಸ್‌ನಲ್ಲಿ ಮೆಟ್ರೊ ಬದಲಿಸಿದೆವು. ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ನೀರಿನ ಬಾಟಲಿ ಚಾಚಿದರೆ ಅಪ್ಪ ಬೇಡವೆಂದು ತಲೆಯಾಡಿಸಿದರು.

ಹೋಟೆಲಿನ ಮಹಡಿಯಲ್ಲಿ ಏಳೆಂಟು ಜನ ಹಿಂದಿಯಲ್ಲಿ ಹರಟುತ್ತಿದ್ದರು. ಅಪ್ಪನ ಒಣಗಿದ ತುಟಿ ನೋಡಿಯೇ ಶೆಟ್ಟರು ಗುಟ್ಟು ಹಿಡಿದರು.

"ನೀರು ಬಿಟ್ಟದ್ದು ಚೀಲ ತುಂಬದಿರ್ಲಿ ಅಂತ ತಾನೇ? ನಾನೂ ಮಾಡಿದ್ದೆ ಮಾರಾಯ್ರೆ. ಕಡೆಗೆ ಇನ್‌ಫೆಕ್ಷನ್ ಆಗಿ ಮತ್ತೆ ಆಸ್ಪತ್ರೆ."

ಎರಡು ಲೋಟ ಮಜ್ಜಿಗೆ ಕುಡಿಸಿದರು. ಅರ್ಧ ಗಂಟೆಯಲ್ಲಿ ಅಪ್ಪನ ಅಂಗಿಯ ಮೇಲೆ ಒದ್ದೆ ಕಲೆ ಮೂಡಿತು. ಅವರು ಎದ್ದು ನಿಂತು, "ನಡಿ ಮನೆಗೆ" ಎಂದರು. ಅಲ್ಲಿದ್ದವರಲ್ಲಿ ಯಾರೂ ಮುಖ ತಿರುಗಿಸಲಿಲ್ಲ. ಪಕ್ಕದಲ್ಲಿದ್ದ ಸರ್ದಾರ್ಜಿ ತಾವು ಎಲ್ಲಿಗೆ ಹೋದರೂ ಒಯ್ಯುವ ಇನ್ನೊಂದು ಕುರ್ತಾ ತೆಗೆದು ಅಪ್ಪನ ಕೈಗಿಟ್ಟರು.

ಚೀಲವನ್ನು ಹೊಟ್ಟೆಗೆ ಅಂಟಿಸುವ ಪಟ್ಟಿಯಲ್ಲಿ ತೂತು ಕತ್ತರಿಸುವುದು ನನ್ನ ಕೆಲಸ. ಎಷ್ಟು ಅಗಲ ಎಂದು ಶೆಟ್ಟರು ಕೇಳಿದರು. ಮೂವತ್ತೈದು ಮಿಲಿಮೀಟರ್, ಮೊದಲ ವಾರ ಅಳೆದು ಬರೆದುಕೊಂಡದ್ದು, ಒಂದು ದಿನವೂ ತಪ್ಪಿಲ್ಲ ಎಂದೆ.

"ಅದೇ ತಪ್ಪು ಮಗಾ. ಊತ ಇಳಿದ ಹಾಗೆ ಹೊಟ್ಟೆ ಮೇಲೆ ಮೂತ್ರ ಬರುವ ಬಾಯಿ ಸಣ್ಣ ಆಗ್ತದೆ, ತೂತು ದೊಡ್ಡದಾಗಿ ಸೋರ್ತದೆ. ಮತ್ತೆ ಅಳೆದಿದ್ದೀಯಾ?"

ಅಳೆದಿರಲಿಲ್ಲ. ಚೀಲ ಬದಲಿಸುವಾಗ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಅವರು ಗೋಡೆ ನೋಡುತ್ತಿದ್ದರು, ನಾನು ಕತ್ತರಿ.

ಗೋಳಿಬಜೆ ತಿನ್ನಲು ನನ್ನನ್ನು ಕೆಳಗೆ ಕಳಿಸಿ ಶೆಟ್ಟರು ಅಪ್ಪನನ್ನು ಒಳಕೋಣೆಗೆ ಕರೆದೊಯ್ದರು. ಮುಕ್ಕಾಲು ಗಂಟೆಯ ಮೇಲೆ ಅಪ್ಪ ಮೊಣಕಾಲು ದಾಟುವ ಕುರ್ತಾದಲ್ಲಿ ಇಳಿದು ಬಂದರು.

"ಇಪ್ಪತ್ತೆಂಟು. ನಾನೇ ಅಳೆದೆ, ನಾನೇ ಕತ್ತರಿಸಿದೆ."

ಎರಡು ಮಸಾಲೆ ದೋಸೆ ತಿಂದು, ಕೇಳಿ ಕೇಳಿ ನೀರು ಕುಡಿದರು.

ಮರಳುವ ಮೆಟ್ರೊದಲ್ಲಿ ನನ್ನ ಯೂನಿವರ್ಸಿಟಿ ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ವಿಚಾರಿಸಿದರು. ಎಂಟಕ್ಕೆ ಎಂದೆ.

"ಹಾಗಾದ್ರೆ ನೀನು ಮುಂದೆ ಹೋಗು. ನಾನು ಮಂಡಿ ಹೌಸಲ್ಲಿ ಇಳಿದು ಮನೆ ಸೇರ್ಕೊಳ್ತೇನೆ."

ನಾನೂ ಬರುತ್ತೇನೆಂದೆ. ಅವರು ನನ್ನ ಭುಜ ಒತ್ತಿ ಕೂರಿಸಿದರು.

ಮಂಡಿ ಹೌಸ್‌ನಲ್ಲಿ ಇಳಿದವರೇ ಅಪ್ಪ, ಟಾಯ್ಲೆಟ್ ಎಲ್ಲಿದೆ ಭಯ್ಯಾ ಎಂದು ಕಾವಲಿನವನನ್ನು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಕೇಳಿದರು. ಅವನು ಮೆಟ್ಟಿಲ ಕಡೆ ಕೈ ತೋರಿದ. ಬಾಗಿಲು ಮುಚ್ಚುವವರೆಗೂ ನಾನು ನೋಡುತ್ತಿದ್ದೆ. ಅಪ್ಪ ತಿರುಗಿ ನೋಡದೆ, ಜನರ ನಡುವೆ ಭುಜ ತೂರಿಸಿಕೊಂಡು, ಮೆಟ್ಟಿಲು ಹತ್ತಿದರು.